ಬಚ್ಚಲಿನ ನೆಲಕ್ಕೆ ಯಾವ ಹಾಸು?

ಮನೆ ಕೊಳ್ಳುವ, ಮನೆ ಕಟ್ಟಿಸುವ ವಯಸ್ಸು ನಿಮ್ಮದು. ನಾಸಿಕದಲ್ಲೋ ಪುಣೆಯಲ್ಲೋ ಒಂದು ಫ್ಲ್ಯಾಟಿಗೆ ಸಾಲಕ್ಕೆ ಅರ್ಜಿ ಹಾಕಿರುತ್ತೀರಿ. ಇಲ್ಲವೇ ಇಲ್ಲಿಯೇ ಚಾಂದವಡದಲ್ಲಿ ಅಪ್ಪ ಕಟ್ಟಿಸಿದ ಮನೆಯನ್ನು ಈಗಿನ ಕಾಲಕ್ಕೆ ಹೊಂದುವ ಹಾಗೆ ರಿಪೇರಿ ಮಾಡಿಸಲು ಹೊರಟಿರುತ್ತೀರಿ. ಹಾಲಿನ ಗೋಡೆಗೆ ಯಾವ ಬಣ್ಣ, ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಬಚ್ಚಲಿನ ನೆಲದ ಸರದಿ ಬಂದಾಗ ಮಾತ್ರ ಎಲ್ಲರಿಗೂ ಸುಸ್ತಾಗಿರುತ್ತದೆ. ಅಂಗಡಿಯವನು ಮುಂದಿಟ್ಟ ಮೂರು ಟೈಲ್ಸುಗಳಲ್ಲಿ ಒಂದಕ್ಕೆ ಬೆರಳು ತೋರಿಸಿ ಎದ್ದು ಬರುತ್ತೇವೆ.

ಆದರೆ ಯೋಚಿಸಿ ನೋಡಿ. ಇಡೀ ಮನೆಯಲ್ಲಿ ಬರಿಗಾಲು, ನೀರು, ಸಾಬೂನು, ಎಣ್ಣೆ ಈ ನಾಲ್ಕೂ ಒಟ್ಟಿಗೆ ಸೇರುವ ಜಾಗ ಅದೊಂದೇ. ಮೂರು ವರ್ಷದ ಮಗುವೂ ಎಪ್ಪತ್ತೈದರ ಅಜ್ಜಿಯೂ ದಿನಕ್ಕೆ ನಾಲ್ಕಾರು ಸಲ ಅಲ್ಲಿಗೆ ಹೋಗಿ ಬರುತ್ತಾರೆ. ಒಮ್ಮೆ ಹಾಕಿಸಿದ ನೆಲವನ್ನು ಇಪ್ಪತ್ತು-ಮೂವತ್ತು ವರ್ಷ ಯಾರೂ ಕೀಳುವುದಿಲ್ಲ. ಅಂಥ ನೆಲಕ್ಕೆ ಒಂದು ಭಾನುವಾರದ ಮಧ್ಯಾಹ್ನವನ್ನಾದರೂ ಮೀಸಲಿಡಬಾರದೇ?

ನಿಮ್ಮ ಪೀಳಿಗೆಗೆ ಇನ್ನೊಂದು ಕಾಳಜಿಯೂ ಇದೆ. ಪರಿಸರಕ್ಕೆ ಹಾನಿಯಾಗಬಾರದು ಎಂಬ ಮಾತು ನಿಮ್ಮ ಬಾಯಲ್ಲಿ ಸಹಜವಾಗಿ ಬರುತ್ತದೆ. ಸಂತೋಷ. ಆದರೆ 'ಇಕೋ-ಫ್ರೆಂಡ್ಲಿ' ಎಂಬ ಹಸಿರು ಚೀಟಿಯನ್ನು ಅಂಟಿಸುವುದು ಬಹಳ ಸುಲಭ. ಚೀಟಿಯನ್ನು ನಂಬುವ ಬದಲು ಐದು ಪ್ರಶ್ನೆ ಕೇಳಿ. ಈ ವಸ್ತು ಎಲ್ಲಿಂದ ಬಂತು? ಇದನ್ನು ಮಾಡಲು ಎಷ್ಟು ಬೆಂಕಿ ಉರಿಯಿತು? ಎಷ್ಟು ವರ್ಷ ಬಾಳುತ್ತದೆ? ಕಿತ್ತು ಹಾಕಿದ ಮೇಲೆ ಏನಾಗುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಇದರ ಮೇಲೆ ಒದ್ದೆಗಾಲಿನಲ್ಲಿ ನಿಂತವರು ಜಾರುತ್ತಾರೆಯೇ? ಈ ಐದಕ್ಕೂ ಉತ್ತರ ಹುಡುಕುತ್ತ ಹೋಗೋಣ, ಬನ್ನಿ.

ಕಾಲ ಕೆಳಗಿನ ಕರಿಕಲ್ಲು

ಮೊದಲು ನಮ್ಮ ಊರಿನಿಂದಲೇ ಆರಂಭಿಸೋಣ. ಚಾಂದವಡದ ಕೋಟೆಯ ಗುಡ್ಡ, ಸುತ್ತಲಿನ ಸಾತಮಾಳ ಬೆಟ್ಟಸಾಲು, ನೀವು ರೇಣುಕಾದೇವಿಯ ಗುಡಿಗೆ ಹತ್ತುವಾಗ ಕಾಣುವ ಬಂಡೆ, ಎಲ್ಲವೂ ಕರಿಯ ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಹೆಪ್ಪುಗಟ್ಟಿ ಆದ ಕಲ್ಲು ಇದು. ಎಲ್ಲೋರದ ಕೈಲಾಸನಾಥ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಕಡೆದದ್ದು ಇದೇ ಕಲ್ಲಿನಲ್ಲಿ. ಅಹಿಲ್ಯಾಬಾಯಿ ಹೋಳ್ಕರರ ಹೆಸರಿನೊಂದಿಗೆ ಬೆಸೆದುಕೊಂಡ ನಮ್ಮೂರ ರಂಗಮಹಲಿನ ಗೋಡೆಗಳಲ್ಲಿಯೂ ಕಲ್ಲಿನ ಕೆಲಸವನ್ನು ನೋಡಿದ್ದೀರಿ.

ಹಾಗಾದರೆ ಬಚ್ಚಲಿಗೂ ಇದನ್ನೇ ಹಾಸಬಹುದಲ್ಲ ಎನ್ನುತ್ತೀರಿ. ಸ್ಥಳೀಯ ಕಲ್ಲು, ಗಟ್ಟಿಯಾದದ್ದು, ಆಮ್ಲಕ್ಕೂ ಸುಲಭವಾಗಿ ಸೋಲದು. ಆದರೆ ಬಸಾಲ್ಟಿಗೆ ಒಂದು ಗುಣವಿಲ್ಲ: ಅದು ಹಾಳೆ ಹಾಳೆಯಾಗಿ ಸೀಳಿ ಬರುವುದಿಲ್ಲ. ತೆಳ್ಳಗಿನ ಚಪ್ಪಡಿ ಬೇಕಾದರೆ ಯಂತ್ರದ ಗರಗಸದಿಂದ ಕೊಯ್ಯಬೇಕು, ವಿದ್ಯುತ್ತೂ ಖರ್ಚೂ ಹೆಚ್ಚು. ಆದ್ದರಿಂದಲೇ ನಮ್ಮ ಭಾಗದಲ್ಲಿ ಈ ಕಲ್ಲು ಹೆಚ್ಚಾಗಿ ಕ್ರಷರಿಗೆ ಹೋಗಿ ಖಡಿಯಾಗುತ್ತದೆ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ, ಮೆಟ್ಟಿಲಿಗೆ, ಹೊರಗಿನ ಕೈಕಾಲು ತೊಳೆಯುವ ಜಾಗಕ್ಕೆ ಇದು ಬಲು ಒಳ್ಳೆಯದು. ಹಳೆಯ ಮನೆ ಕೆಡವಿದ ಕಡೆ ಇಂಥ ಕಲ್ಲು ಸಿಕ್ಕರೆ ಬಿಡಬೇಡಿ.

ಶಹಾಬಾದಿನ ಕಲ್ಲು

ಹಾಗಾದರೆ ಈ ಸೀಮೆಯ ಜನ ಇಷ್ಟು ಕಾಲ ನೆಲಕ್ಕೆ ಏನು ಹಾಸಿಕೊಂಡಿದ್ದರು? ನಿಮ್ಮ ಮರಾಠಿ ಗೆಳೆಯರ ಅಜ್ಜಿಯನ್ನು ಕೇಳಿ. "ಶಹಾಬಾದಿ ಫರಶಿ" ಎನ್ನುತ್ತಾರೆ. ಶಾಲೆಯ ವರಾಂಡ, ವಾಡೆಯ ಅಂಗಳ, ಚಾಳಿನ ಮೋರಿ, ಎಲ್ಲ ಕಡೆ ಅದೇ ಬೂದುಬಣ್ಣದ ಕಲ್ಲು. ಮಹಾರಾಷ್ಟ್ರದ ಮನೆಮಾತಾಗಿರುವ ಈ ಹೆಸರು ಬಂದದ್ದು ಎಲ್ಲಿಂದ ಗೊತ್ತೇ? ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಪಟ್ಟಣದಿಂದ!

ಭೀಮಾ ನದಿಯ ಆಸುಪಾಸಿನ ಆ ಪ್ರದೇಶದಲ್ಲಿ ನೆಲದಡಿ ಸುಣ್ಣದಕಲ್ಲು ಹರಡಿದೆ. ನಮ್ಮ ಕರಿಕಲ್ಲಿಗಿಂತ ಎಷ್ಟೋ ಹಳೆಯದು. ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕೆಸರೇ ಗಟ್ಟಿಯಾಗಿ ಈ ಕಲ್ಲಾಯಿತು. ಆ ಪದರಗಳ ನಡುವೆ ಉಳಿ ಇಟ್ಟು ಹೊಡೆದರೆ ಚಪ್ಪಡಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಗೂಡಿನಲ್ಲಿ ಸುಡುವಂತಿಲ್ಲ, ಕರಗಿಸುವಂತಿಲ್ಲ. ಅಂಚು ಕೊಯ್ದರೆ ಹಾಸಲು ಸಿದ್ಧ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಇದೇ ಸುಣ್ಣದಕಲ್ಲಿನ ಸೀಮೆಯಲ್ಲಿದೆ. ಕರಿಕಲ್ಲಿನಲ್ಲಿ ಕೈಲಾಸ ಕಡೆಸಿದ ಅರಸುಮನೆತನ ಮುಂದೆ ಸುಣ್ಣದಕಲ್ಲಿನ ನಾಡಿನಲ್ಲಿ ರಾಜಧಾನಿ ಮಾಡಿಕೊಂಡಿತು ಎನ್ನಿ.

ಈ ಕಲ್ಲು ಇಷ್ಟು ದೂರ ಬರಲು ರೈಲು ಕಾರಣ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಯ ಮೇಲಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಶಹಾಬಾದ್ ಈ ದಾರಿಯ ಮೇಲಿನ ನಿಲ್ದಾಣ. ಬೆಳೆಯುತ್ತಿದ್ದ ಮುಂಬಯಿ, ಪುಣೆಗಳಿಗೆ ಅಗ್ಗದ, ಗಟ್ಟಿಯಾದ ಹಾಸುಗಲ್ಲು ಬೇಕಿತ್ತು. ಆಗ ಶಹಾಬಾದ್ ಇದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ ಸೇರಿತು. ಗಡಿಗಳು ಬದಲಾದವು, ಕಲ್ಲಿನ ಹೆಸರು ಬದಲಾಗಲಿಲ್ಲ.

ಇತಿಹಾಸದ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಸೇವುಣರ, ಅಂದರೆ ದೇವಗಿರಿಯ ಯಾದವರ, ಮೂಲಪುರುಷ ದೃಢಪ್ರಹಾರನ ಪಟ್ಟಣವಾದ ಚಂದ್ರಾದಿತ್ಯಪುರವೇ ಇಂದಿನ ಚಾಂದವಡ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಆ ಮನೆತನದ ಶಾಸನಗಳಲ್ಲಿ ಕನ್ನಡದವು ಬಹಳ ಇವೆ. 'ಕವಿರಾಜಮಾರ್ಗ' ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವುದು ಗೋದಾವರಿಯನ್ನು. ನಾವು ಚಾಂದವಡದವರು ಆ ಗೋದಾವರಿಯನ್ನೂ ದಾಟಿ ಬಂದು ನೆಲೆಸಿದ್ದೇವೆ! "ನಿಮ್ಮ ಊರು ಯಾವುದು?" ಎಂದು ಯಾರಾದರೂ ಕೇಳಿದಾಗ ಎರಡು ಹೆಸರು ಹೇಳಲು ತಡವರಿಸುವ ನಿಮಗೆ, ಕನ್ನಡ ನಾಡಿನ ಹೆಸರನ್ನು ಹೊತ್ತುಕೊಂಡೇ ಮರಾಠಿ ಮನೆಗಳ ಅಂಗಳದಲ್ಲಿ ನೆಮ್ಮದಿಯಾಗಿ ಕೂತ ಈ ಕಲ್ಲು ಗೊತ್ತಿರಲಿ ಎಂದು ಇಷ್ಟು ಹೇಳಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥದ್ದನ್ನು ನೋಡಿಯೇ ಹುಟ್ಟಿರಬೇಕು.

ಬಚ್ಚಲಿಗೆ ಇದರ ಅನುಕೂಲವೇನು? ಪಾಲಿಶ್ ಮಾಡದ ಶಹಾಬಾದ್ ಕಲ್ಲಿನ ಮೈ ಸಹಜವಾಗಿಯೇ ತುಸು ಒರಟು, ಒದ್ದೆಯಾದಾಗಲೂ ಅಂಗಾಲಿಗೆ ಹಿಡಿತ ಸಿಗುತ್ತದೆ. ದಪ್ಪವಾಗಿರುವುದರಿಂದ ಹಿತ್ತಾಳೆಯ ತಂಬಿಗೆ ಕೈಜಾರಿ ಬಿದ್ದರೂ ಟೈಲ್ಸಿನ ಹಾಗೆ ಚಿಪ್ಪು ಏಳುವುದಿಲ್ಲ. ಸಾಮಾನ್ಯವಾಗಿ ಗ್ರಾನೈಟಿಗಿಂತ ಅಗ್ಗ. ಐವತ್ತು ವರ್ಷ ಬಾಳಿದ ಮೇಲೂ ಎಬ್ಬಿಸಿ, ಅಂಚು ತಿದ್ದಿ ಮತ್ತೆ ಹಾಸಬಹುದು. ರಾಜಸ್ಥಾನದ ಕೋಟಾ ಕಲ್ಲು, ಆಂಧ್ರದ ಕಡಪಾ ಕಲ್ಲು, ತೆಲಂಗಾಣದ ತಾಂಡೂರು ಕಲ್ಲು, ಇವೆಲ್ಲ ಇದೇ ಜಾತಿಯವು. ಮೇಲಿನ ಮಾತು ಬಹುಮಟ್ಟಿಗೆ ಅವಕ್ಕೂ ಅನ್ವಯಿಸುತ್ತದೆ.

ಟೈಲ್ಸಿನ ಬೆಂಕಿ, ಕಲ್ಲಿನ ಭಾರ

ಈಗ ಟೈಲ್ಸಿನ ಕಡೆ ಬರೋಣ. ನಮ್ಮ ಅಂಗಡಿಗಳಲ್ಲಿ ಕಾಣುವ ಬಹುಪಾಲು ಟೈಲ್ಸ್ ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಮಣ್ಣು, ಫೆಲ್ಡ್‌ಸ್ಪಾರ್‌ಗಳ ಪುಡಿಯನ್ನು ಒತ್ತಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆ ಶಾಖಕ್ಕೆ ಅನಿಲ ಬೇಕು. ಮೊದಲು ಅಲ್ಲಿನ ಅನೇಕ ಕಾರ್ಖಾನೆಗಳು ಕಲ್ಲಿದ್ದಲಿನಿಂದ ಅನಿಲ ತಯಾರಿಸಿಕೊಳ್ಳುತ್ತಿದ್ದವು. ಗಾಳಿಯೂ ನೀರೂ ಕೆಡುತ್ತಿದ್ದುದರಿಂದ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಘಟಕಗಳನ್ನು ಮುಚ್ಚಲು ಆದೇಶಿಸಿತು.

ಹಾಗೆಂದು ಟೈಲ್ಸ್ ಕೆಟ್ಟದ್ದು, ಕಲ್ಲು ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಬಚ್ಚಲು ನಲವತ್ತು ಚದರಡಿ ಎಂದುಕೊಳ್ಳಿ. ಒಂದು ಇಂಚು ದಪ್ಪದ ಕಲ್ಲು ಹಾಸಿದರೆ ಅದರ ತೂಕ ಸುಮಾರು 240 ಕಿಲೋ. ಎಂಟು ಮಿಲಿಮೀಟರಿನ ಟೈಲ್ಸ್ ಆದರೆ 70 ಕಿಲೋ ಒಳಗೆ. ಶಹಾಬಾದಿನಿಂದ ಚಾಂದವಡಕ್ಕೆ ಸೊಲ್ಲಾಪುರ, ಅಹಿಲ್ಯಾನಗರ, ಮನಮಾಡದ ಮೇಲೆ ಸುಮಾರು 500 ಕಿಲೋಮೀಟರು. ಒಂದು ಟನ್ ಸರಕು ಲಾರಿಯಲ್ಲಿ ಒಂದು ಕಿಲೋಮೀಟರು ಸಾಗಿದರೆ ಸುಮಾರು 100 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಸ್ಥೂಲ ಲೆಕ್ಕದಲ್ಲಿ, ಆ ಕಲ್ಲಿನ ಪ್ರಯಾಣದ ಪಾಲು 12 ಕಿಲೋ. ಟೈಲ್ಸಿಗೆ ಕಿಲೋ ಒಂದಕ್ಕೆ ಅರ್ಧದಿಂದ ಮುಕ್ಕಾಲು ಕಿಲೋ ಎಂದು ಹಿಡಿದರೆ, ಬರೀ ಸುಡುವಿಕೆ ಮತ್ತು ತಯಾರಿಕೆಗೇ 35ರಿಂದ 50 ಕಿಲೋ. ಅದರ ಪ್ರಯಾಣ ಬೇರೆ. ಅಂದರೆ ಇಷ್ಟು ಭಾರವಿದ್ದರೂ, ಇಷ್ಟು ದೂರದಿಂದ ಬಂದರೂ ಕಲ್ಲೇ ಹಗುರ!

ಆದರೆ ಇಲ್ಲಿ ಒಂದು ತೊಡಕಿದೆ. ಕಲ್ಲನ್ನು ದಪ್ಪನೆಯ ಸಿಮೆಂಟ್ ಗಾರೆಯ ಮೇಲೆ ಕೂರಿಸುತ್ತಾರೆ. ಒಂದು ಟನ್ ಸಿಮೆಂಟ್ ತಯಾರಾಗುವಾಗ ಆರುನೂರು ಕಿಲೋಗೂ ಮೇಲ್ಪಟ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಇಂಧನದಿಂದಲ್ಲ, ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನಿಂದಲೇ. ಮೇಸ್ತ್ರಿ "ಗಟ್ಟಿಯಾಗಲಿ" ಎಂದು ಒಂದಕ್ಕೆ ಎರಡು ಚೀಲ ಸುರಿದರೆ ಕಲ್ಲು ಉಳಿಸಿದ್ದನ್ನೆಲ್ಲ ಗಾರೆ ತಿಂದುಹಾಕುತ್ತದೆ. ಆದ್ದರಿಂದ ಹಾರುಬೂದಿ ಸೇರಿಸಿದ ಸಿಮೆಂಟ್ ಕೇಳಿ. ಚೀಲದ ಮೇಲೆ ಪಿ.ಪಿ.ಸಿ. ಎಂದಿರುತ್ತದೆ. ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ಬೂದಿ ಅದರಲ್ಲಿ ನೂರಕ್ಕೆ 15ರಿಂದ 35ರಷ್ಟು ಇರುತ್ತದೆ. ಅಷ್ಟರಮಟ್ಟಿಗೆ ಸುಟ್ಟ ಸುಣ್ಣದಕಲ್ಲು ಕಡಿಮೆ.

ಇನ್ನೊಂದು ಎಚ್ಚರ. ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಕಲ್ಲು ಹಾಸುವ ಮುನ್ನ ಸೊಸೈಟಿಯ ಇಂಜಿನಿಯರನ್ನು ಕೇಳಿ. ಹಳೆಯ ನೆಲದ ಮೇಲೆಯೇ ಹೊಸ ಹಾಸು ಹೊರಿಸಿದರೆ ಸ್ಲ್ಯಾಬಿನ ಮೇಲೆ ಎರಡರ ಭಾರವೂ ಬೀಳುತ್ತದೆ. ಅಂಥ ಕಡೆ ಟೈಲ್ಸೇ ಜಾಣತನ.

ಗಾರೆಯ ನೆಲ, ತುಂಡಿನ ನೆಲ

ದಕ್ಷಿಣ ಕರ್ನಾಟಕದ ಹಳೆಯ ಮನೆಗಳಿಗೆ ಹೋದಾಗ ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲವನ್ನು ನೋಡಿರುತ್ತೀರಿ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡಿನ ಪುಡಿ ಬೆರೆಸಿ, ತೆಳುವಾಗಿ ಎಳೆದು, ಕರಣೆಯಿಂದ ಉಜ್ಜಿ ಉಜ್ಜಿ ಮಾಡಿದ ನೆಲ. ಗೂಡಿನ ಬೆಂಕಿ ಬೇಡ, ಸಂದುಗಳಿಲ್ಲ, ತಂಪು. ಕೈಪಳಗಿದ ಮೇಸ್ತ್ರಿ ಸಿಕ್ಕು, ಹಲವು ದಿನ ನೀರು ಉಣಿಸಿ ಹದ ಮಾಡಿದರೆ ದಶಕಗಟ್ಟಲೆ ಬಾಳುತ್ತದೆ. ಅವಸರ ಮಾಡಿದರೆ ಬಿರುಕು ಖಂಡಿತ. ಒಂದೇ ಮಾತು: ಬಚ್ಚಲಿನಲ್ಲಿ ಅದನ್ನು ಕನ್ನಡಿಯಂತೆ ಉಜ್ಜಿಸಬೇಡಿ. ಸಾಬೂನಿನ ನೀರು ಬಿದ್ದರೆ ಜಾರುಬಂಡೆಯಾಗುತ್ತದೆ.

ಹೂವು-ಬಳ್ಳಿಯ ಚಿತ್ತಾರದ ಹಳೆಯ ಸಿಮೆಂಟ್ ಟೈಲ್ಸ್ ನೋಡಿದ್ದೀರಾ? ಒಂದು ಕಾಲಕ್ಕೆ ಅವು ವಿದೇಶದಿಂದ ಬರುತ್ತಿದ್ದವು. ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ 1922ರಲ್ಲಿ ಮುಂಬಯಿಯ ಸಿಧ್ವಾ ಮನೆತನದವರು ಭಾರತ್ ಟೈಲ್ಸ್ ಕಂಪನಿ ಆರಂಭಿಸಿ ಅವನ್ನು ಇಲ್ಲಿಯೇ ಮಾಡತೊಡಗಿದರು. ತಮಿಳುನಾಡಿನ ಚೆಟ್ಟಿನಾಡಿನ ಆತಂಗುಡಿ ಟೈಲ್ಸ್ ಕೈಯಿಂದ ಮಾಡುವಂಥವು. ಇವುಗಳನ್ನು ಸುಡುವುದಿಲ್ಲ, ನೀರಿನಲ್ಲಿ ಹದಗೊಳಿಸುತ್ತಾರೆ. ಆದರೆ ನೀರು ಹೀರುವ ಗುಣ ಇರುವುದರಿಂದ ಸದಾ ಒದ್ದೆಯಿರುವ ಮೂಲೆಗೆ ಬೇಡ, ಒಣ ಭಾಗಕ್ಕೆ ಚೆನ್ನ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ನಿಮಗೆ ಗೊತ್ತು. ಆ ಕೆಂಪು ಮಣ್ಣಿನ ನೆಲದ ಹಂಚಿಗೂ ಇದೇ ಮಾತು: ವರಾಂಡಕ್ಕೆ ಸೊಗಸು, ಬಚ್ಚಲಿನಲ್ಲಿ ಪಾಚಿ ಕಟ್ಟುತ್ತದೆ.

ಕೈಯಲ್ಲಿ ಹಣ ಕಡಿಮೆಯಿದೆಯೇ? ಟೈಲ್ಸ್ ಅಂಗಡಿಯ ಹಿಂಬದಿಗೆ ಹೋಗಿ. ಒಡೆದ ಟೈಲ್ಸಿನ ರಾಶಿ ಬಿದ್ದಿರುತ್ತದೆ. ಮಾಳಿಗೆಯ ಮೇಲೆ ಬಿಸಿಲು ತಡೆಯಲು ಆ ತುಂಡುಗಳನ್ನು ಕೂರಿಸುತ್ತಾರಲ್ಲ, ಅದೇ ಕೆಲಸವನ್ನು ಬಚ್ಚಲಿನಲ್ಲೂ ಮಾಡಬಹುದು. ಕಸಕ್ಕೆ ಹೋಗುವ ವಸ್ತು ನೆಲವಾಗುತ್ತದೆ. ಸಣ್ಣ ತುಂಡುಗಳ ನಡುವೆ ಸಂದು ಹೆಚ್ಚಿರುವುದರಿಂದ ಕಾಲಿಗೆ ಹಿಡಿತವೂ ಸಿಗುತ್ತದೆ. ಮೇಸ್ತ್ರಿ ಚೂಪು ಅಂಚುಗಳನ್ನು ಉಜ್ಜಿ, ಸಮತಟ್ಟಾಗಿ ಕೂರಿಸಬೇಕು, ಅಷ್ಟೆ.

ಇವೆಲ್ಲಕ್ಕಿಂತ ಹಸಿರಾದ ನೆಲ ಒಂದಿದೆ. ಅದು ಈಗಾಗಲೇ ನಿಮ್ಮ ಮನೆಯಲ್ಲಿರುವ ನೆಲ! ಸೋರದೆ, ಒಡೆಯದೆ, ಜಾರದೆ ಇದ್ದರೆ ಬಣ್ಣ ಹಳತಾಯಿತೆಂಬ ಒಂದೇ ಕಾರಣಕ್ಕೆ ಅದನ್ನು ಒಡೆಯಬೇಡಿ. ಕಟ್ಟಡ ಒಡೆದ ತ್ಯಾಜ್ಯದ ವಿಲೇವಾರಿಗೆಂದೇ 2016ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ಹೊರಡಿಸಬೇಕಾಯಿತು ಎಂದರೆ ಆ ರಾಶಿ ಎಷ್ಟಿದ್ದೀತು, ಊಹಿಸಿ. ಸಂದುಗಳನ್ನು ಕೆರೆದು ಹೊಸದಾಗಿ ತುಂಬಿಸಿದರೆ ಎಷ್ಟೋ ಹಳೆಯ ನೆಲ ಹೊಸದರಂತಾಗುತ್ತದೆ.

ಹಸಿರು ಚೀಟಿಯ ಮೋಹ

ಬಿದಿರಿನ ಹಲಗೆ, ಬೆಂಡು, ಲಿನೋಲಿಯಂ ಎಂದು ಪರದೇಶದ ಪತ್ರಿಕೆಗಳಲ್ಲಿ ಚೆಂದದ ಚಿತ್ರಗಳು ಬರುತ್ತವೆ. ವಸ್ತುಗಳು ಒಳ್ಳೆಯವೇ. ಬಿದಿರು ಬೇಗ ಬೆಳೆಯುತ್ತದೆ, ಲಿನೋಲಿಯಂ ಅಗಸೆ ಎಣ್ಣೆಯಿಂದ ಆಗುತ್ತದೆ. ಆದರೆ ಆ ದೇಶಗಳಲ್ಲಿ ಸ್ನಾನ ತೊಟ್ಟಿಯೊಳಗೆ ನಡೆಯುತ್ತದೆ, ನೆಲ ಒಣಗಿಯೇ ಇರುತ್ತದೆ. ನಮ್ಮಲ್ಲಿ ಬಕೆಟ್ಟು ತಂಬಿಗೆ ಹಿಡಿದು ನೆಲದ ಮೇಲೆಯೇ ನೀರು ಸುರಿದುಕೊಳ್ಳುವ ಸ್ನಾನ. ಅಂಥ ನೆಲದಲ್ಲಿ ಬಿದಿರು ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ. ಎರಡು ವರ್ಷಕ್ಕೆ ಕಿತ್ತು ಹಾಕುವ ವಸ್ತು ಎಷ್ಟೇ ಹಸಿರಾಗಿದ್ದರೂ ಅದು ದುಂದುಗಾರಿಕೆಯೇ.

ವಿನೈಲ್ ಹಾಳೆಯದು ಬೇರೆ ಕಥೆ. ಅಗ್ಗ, ಅಂಟಿಸುವುದು ಸುಲಭ, ನೀರಿಗೂ ಜಗ್ಗದು. ಆದರೆ ಅದು ಪಿ.ವಿ.ಸಿ. ಪ್ಲಾಸ್ಟಿಕ್. ಅದನ್ನು ತಯಾರಿಸುವ ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವ ರಾಸಾಯನಿಕ. ಹಾಳೆ ಹರಿದ ಮೇಲೆ ಸುಟ್ಟರೆ ವಿಷದ ಹೊಗೆ, ಹೂತರೆ ಕರಗದು.

ಜಾರಿದರೆ ಎಲ್ಲ ವ್ಯರ್ಥ

ಈಗ ಐದನೆಯ ಪ್ರಶ್ನೆ. ಇದರ ಮುಂದೆ ಮೊದಲಿನ ನಾಲ್ಕೂ ಸಣ್ಣವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ ಅರವತ್ತು ದಾಟಿದವರದೇ ದೊಡ್ಡ ಪಾಲು. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಅವರು ಮೊದಲಿನಂತೆ ಓಡಾಡುವುದು ಕಷ್ಟ. ಹಾಸಿಗೆ ಹಿಡಿಯುತ್ತಾರೆ, ಅವರ ಜೊತೆ ಇಡೀ ಮನೆಯೂ ಹಾಸಿಗೆ ಹಿಡಿದಂತೆ. ನಿಮ್ಮ ಅಪ್ಪ-ಅಮ್ಮ ಊರಿನ ಮನೆ ಬಿಟ್ಟು ನಿಮ್ಮ ಫ್ಲ್ಯಾಟಿಗೆ ಬರುವ ದಿನ ದೂರವಿಲ್ಲ. ಹೊಸ ಜಾಗ, ರಾತ್ರಿಯ ನಿದ್ದೆಗಣ್ಣು, ಕತ್ತಲೆಯಲ್ಲಿ ಕೈಗೆ ಸಿಗದ ಸ್ವಿಚ್ಚು, ಕಾಲ ಕೆಳಗೆ ಹೊಳೆಯುವ ಟೈಲ್ಸು! ದೀಪಾವಳಿಯ ಎಣ್ಣೆನೀರನ್ನು ನೆನೆಸಿಕೊಳ್ಳಿ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿಯೋ ಇಲ್ಲಿಯ ಉಟಣೆಯೋ ಉಜ್ಜಿ, ಬಿಸಿನೀರು ಹೊಯ್ದುಕೊಂಡ ಮೇಲೆ ನೆಲ ಹೇಗಿರುತ್ತದೆ? ನಮ್ಮ ಹಬ್ಬಕ್ಕೆ ತಕ್ಕ ನೆಲ ನಮಗೆ ಬೇಕು.

ಟೈಲ್ಸ್ ಕೊಳ್ಳುವುದಾದರೆ ಹೊಳಪಿನದು ಬೇಡವೇ ಬೇಡ. ಮ್ಯಾಟ್ ಫಿನಿಶ್ ಅಥವಾ ಆಂಟಿ-ಸ್ಕಿಡ್ ಕೇಳಿ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ಪುಸ್ತಿಕೆಯಲ್ಲಿ ಆರ್-9ರಿಂದ ಆರ್-13ರವರೆಗೆ ಒಂದು ಗುರುತು ಇರುತ್ತದೆ. ಅಂಕಿ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ ಆರ್-10 ಇಲ್ಲವೇ ಆರ್-11 ಸಾಕು. ಅದಕ್ಕೂ ಒರಟಾದರೆ ಕೊಳೆ ಕೂತು ತೊಳೆಯುವವರ ಕೈ ನೋಯುತ್ತದೆ. ದೊಡ್ಡ ಟೈಲ್ಸಿಗಿಂತ ಒಂದಡಿ ಚೌಕದವು ಮೇಲು. ಸಂದುಗಳಿಂದ ಹಿಡಿತ ಸಿಗುತ್ತದೆ, ಇಳಿಜಾರು ಕೊಡುವುದೂ ಸುಲಭ.

ಅಂಕಿಗಿಂತ ನಿಮ್ಮ ಅಂಗಾಲು ಹೆಚ್ಚು ನಂಬಿಕಸ್ಥ. ಒಂದು ಮಾದರಿಯನ್ನು ಮನೆಗೆ ತನ್ನಿ. ಅಲುಗದಂತೆ ಇಟ್ಟು, ಸಾಬೂನಿನ ನೀರು ಹೊಯ್ದು, ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ನಿಂತು ನೋಡಿ. ಅಂಗಡಿಯವನು ನಕ್ಕರೆ ನಗಲಿ. ಇದರೊಂದಿಗೆ ಕೈಹಿಡಿಯಲು ಗೋಡೆಗೊಂದು ಗಟ್ಟಿಯಾದ ಸ್ಟೀಲ್ ಸಲಾಕೆ ಹಾಕಿಸಿ. ಗಾರೆ ಒಡೆದಿರುವಾಗಲೇ ಹಾಕಿಸಿದರೆ ಖರ್ಚು ಕಡಿಮೆ.

ನಾನು ಮನೆಯ ಬಚ್ಚಲು ರಿಪೇರಿ ಮಾಡಿಸಿದಾಗ ಸ್ನಾನದ ಜಾಗಕ್ಕೆ ಪಾಲಿಶ್ ಇಲ್ಲದ ಶಹಾಬಾದ್, ಗೋಡೆಗೆ ಸಾದಾ ಬಿಳಿ ಟೈಲ್ಸ್ ಆರಿಸಿದೆ. ನೋಡಿದವರು "ಇದೇನು, ಹಳೇ ಕಾಲದ ಮೋರಿಯಂತಿದೆ" ಎಂದರು. ನಮ್ಮ ಮನೆಯ ಹಿರಿಯರು ಮಾತ್ರ ಗೋಡೆ ಹಿಡಿಯದೆ ಒಳಗೆ ಹೋಗಿ ಬಂದರು. ನನಗೆ ಅಷ್ಟು ಸಾಕಿತ್ತು.

ನೆಲದ ಕೆಳಗೆ, ನೆಲದ ಮೇಲೆ

ಯಾವ ಹಾಸೇ ಇರಲಿ, ಅದರ ಆಯುಷ್ಯ ನಿಂತಿರುವುದು ಕೆಳಗಿನ ಕೆಲಸದ ಮೇಲೆ. ಹಾಸುವ ಮೊದಲು ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಆಗಬೇಕು. ಗೋಡೆಯ ಬುಡದಲ್ಲೂ ಅದು ಒಂದಡಿಯಷ್ಟು ಏರಬೇಕು. ನೀರು ಕಟ್ಟಿ ಒಂದೆರಡು ದಿನ ಬಿಟ್ಟು, ಕೆಳಮನೆಯ ಚಾವಣಿ ಒದ್ದೆಯಾಗಿಲ್ಲವೆಂದು ನೋಡಿಕೊಂಡ ಮೇಲೆಯೇ ಮುಂದಿನ ಕೆಲಸ. ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿಗಿಂತ ಕಡಿಮೆಯಾಗದಂತೆ ಇಳಿಜಾರು ನಹಾಣಿ ಟ್ರ್ಯಾಪಿನ ಕಡೆ ಇರಲಿ. ಅಂದ ಹಾಗೆ, ಈ 'ನಹಾಣಿ' ಎಂಬುದು ಇಂಗ್ಲಿಷ್ ಪದವಲ್ಲ. ಬಚ್ಚಲಿಗೆ ಮರಾಠಿಯಲ್ಲಿ 'ನ್ಹಾಣಿ' ಎನ್ನುತ್ತಾರೆ. ಬೆಂಗಳೂರಿನ ಪ್ಲಂಬರನೂ ಈಗ ಅದೇ ಮಾತಾಡುತ್ತಾನೆ. ಕಲ್ಲಿನ ಹೆಸರು ಅಲ್ಲಿಂದ ಇಲ್ಲಿಗೆ, ನೀರುಗಂಡಿಯ ಹೆಸರು ಇಲ್ಲಿಂದ ಅಲ್ಲಿಗೆ!

ನಮ್ಮದು ಮಳೆ ಕಡಿಮೆಯ ತಾಲೂಕು. ಬೇಸಿಗೆಯಲ್ಲಿ ಹಳ್ಳಿಗಳಿಗೆ ಟ್ಯಾಂಕರ್ ಬರುವುದು ನಮಗೆ ಹೊಸದಲ್ಲ. ಸ್ವಂತ ಮನೆಯಾದರೆ ಸ್ನಾನದ ನೀರಿನ ಕೊಳವೆಯನ್ನು ಶೌಚದ ಕೊಳವೆಗೆ ಸೇರಿಸದೆ ಬೇರೆಯಾಗಿ ಹಿತ್ತಲಿನ ಬಾಳೆಗಿಡದ ಬುಡಕ್ಕೆ ಬಿಡಿ. ನೆಲ ಒಡೆದಿರುವ ಈ ಸಮಯ ತಪ್ಪಿದರೆ ಮತ್ತೆ ಆಗುವುದಿಲ್ಲ.

ಬೋರಿನ ಗಡಸು ನೀರು ನೆಲದ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಅದನ್ನು ತೆಗೆಯಲು ಆ್ಯಸಿಡ್ ಬಾಟಲಿ ತರುವವರೇ ಹೆಚ್ಚು. ಸುಣ್ಣದ ಕಲ್ಲಿಗೆ ಆ್ಯಸಿಡ್ ಎಂದರೆ ಯಮ. ನೊರೆ ಎದ್ದು ಕಲ್ಲಿನ ಮೈಯೇ ಕರಗಿ ಹೋಗುತ್ತದೆ. ನಂಬಿಕೆಯಿಲ್ಲದಿದ್ದರೆ ಪಾಲಿಶ್ ಮಾಡಿದ ಶಹಾಬಾದ್ ತುಂಡಿನ ಮೇಲೆ ರಾತ್ರಿ ಒಂದು ಹನಿ ನಿಂಬೆರಸ ಹಾಕಿ, ಬೆಳಿಗ್ಗೆ ಹೊಳಪು ಸತ್ತ ಕಲೆಯನ್ನು ನೋಡಿ. ಹಾಗಾಗಿ ನಿಂಬೆ, ವಿನೆಗರ್ ಕೂಡ ಬೇಡ. ವಾರಕ್ಕೊಮ್ಮೆ ಬಿಸಿನೀರು, ಸ್ವಲ್ಪ ವಾಷಿಂಗ್ ಸೋಡಾ, ಒಂದು ತೆಂಗಿನ ನಾರಿನ ಬ್ರಷ್ಷು ಸಾಕು. ಸ್ನಾನವಾದ ಮೇಲೆ ನೀರು ಎಳೆದುಬಿಟ್ಟರೆ ಬಿಳಿಯ ಪದರ ಕಟ್ಟುವುದೇ ಕಡಿಮೆ. ಈ ಕೆಲಸ ಅಮ್ಮನದೋ ಹೆಂಡತಿಯದೋ ಅಲ್ಲ, ಕೊನೆಯಲ್ಲಿ ಸ್ನಾನ ಮಾಡಿದವರದು!

ಕಲ್ಲು ಕೊಯ್ಯುವ ಕೈಗಳು

ಇನ್ನೊಂದು ಮಾತು ಹೇಳದಿದ್ದರೆ ಈ ಲೇಖನ ಅರೆಬರೆಯಾದೀತು. ಕಲ್ಲಿರಲಿ ಟೈಲ್ಸಿರಲಿ, ಕೊಯ್ಯುವಾಗ ಏಳುವ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ರೋಗ ಬರುತ್ತದೆ, ಅದಕ್ಕೆ ಗುಣವಾಗುವ ಮದ್ದಿಲ್ಲ. ಮರಳುಗಲ್ಲು, ಗ್ರಾನೈಟುಗಳಲ್ಲಿ ಅಪಾಯ ಹೆಚ್ಚು, ಸುಣ್ಣದಕಲ್ಲಿನಲ್ಲಿ ಕಡಿಮೆ. ಕಲ್ಲುಗಣಿಗಳು ತುಂಬ ಇರುವ ರಾಜಸ್ಥಾನ ಸರ್ಕಾರ 2019ರಲ್ಲಿ ಈ ರೋಗಿಗಳಿಗೆಂದೇ ಒಂದು ನೀತಿಯನ್ನು ತಂದಿತು. ಗಣಿಯ ಮಾತು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ನಮ್ಮ ಅಂಗಳದಲ್ಲಿ ಕಟರ್ ಹಿಡಿದು ಕೂತ ಹುಡುಗ ನಿಮಗಿಂತ ಚಿಕ್ಕವನು. ಕೊಯ್ಯುವಾಗ ನೀರು ಬಿಡುವಂತೆ ಮೇಸ್ತ್ರಿಗೆ ಮೊದಲೇ ಹೇಳಿ. ಒಂದು ಒಳ್ಳೆಯ ಮಾಸ್ಕ್ ನೀವೇ ತಂದುಕೊಡಿ. ನೆಲದ ಖರ್ಚಿನಲ್ಲಿ ಅದು ಲೆಕ್ಕಕ್ಕೂ ಬಾರದು. ಪರಿಸರ ಎಂದರೆ ಗಿಡ-ಮರ, ಹೊಳೆ-ಕೆರೆ ಮಾತ್ರವಲ್ಲ, ಆ ಹುಡುಗನ ಉಸಿರೂ ಅದರಲ್ಲಿ ಸೇರಿದೆ.

ಹೊರಡುವ ಮುನ್ನ

ಹಾಗಾದರೆ ಕೊನೆಗೆ ಯಾವುದನ್ನು ಆರಿಸಬೇಕು? ನನ್ನ ಸಲಹೆ ಇಷ್ಟು. ಇರುವ ನೆಲ ಚೆನ್ನಾಗಿದ್ದರೆ ಮುಟ್ಟಬೇಡಿ. ನೆಲಮಟ್ಟದ ಸ್ವಂತ ಮನೆಯಾದರೆ ಪಾಲಿಶ್ ಮಾಡದ ಶಹಾಬಾದ್ ಅಥವಾ ಕೋಟಾ ಹಾಕಿಸಿ, ಹಳೆಯ ಮನೆಯಿಂದ ಬಂದ ಕಲ್ಲಾದರೆ ಇನ್ನೂ ಮೇಲು. ಮಹಡಿಯ ಫ್ಲ್ಯಾಟಾದರೆ ಸಣ್ಣ ಅಳತೆಯ, ಒರಟು ಮೈಯ ಟೈಲ್ಸ್ ಇರಲಿ. ಹಣ ಕಡಿಮೆಯಿದ್ದರೆ ಒಡೆದ ಟೈಲ್ಸಿನ ತುಂಡುಗಳಿವೆ. ಏನೇ ಆರಿಸಿದರೂ ಇಳಿಜಾರು, ವಾಟರ್‌ಪ್ರೂಫಿಂಗ್ ಎರಡರಲ್ಲೂ ರಾಜಿ ಬೇಡ.

ಅಂಗಡಿಗೆ ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಚಪ್ಪಲಿ ಬಿಟ್ಟು ಆ ಹಾಸಿನ ಮೇಲೆ ಅವರನ್ನೇ ನಿಲ್ಲಿಸಿ ಕೇಳಿ. ಬಣ್ಣ ನಿಮ್ಮ ಇಷ್ಟದ್ದೇ ಇರಲಿ, ಒಪ್ಪಿಗೆ ಮಾತ್ರ ಅವರ ಅಂಗಾಲಿನದಾಗಲಿ.